ಸಲಾಲಾ ಬಸ್ಸು

ಅಕ್ಕಯ್ಯಮ್ಮನ ಎಡಗಿವಿ ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಮೂವತ್ತು ವರ್ಷ ಪವರ್‌ಲೂಮಿನ ಮುಂದೆ ನಿಂತವಳಿಗೆ ಅದಕ್ಕಿಂತ ಹೆಚ್ಚು ಉಳಿಯುವುದೂ ಕಷ್ಟ. ಡಾಕ್ಟರು ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡಿ ಎಂದಿದ್ದರು. ಹತ್ತಿ ಇಟ್ಟುಕೊಂಡರೆ ಮಗ್ಗದ ಸದ್ದು ಬದಲಾದದ್ದು ತಿಳಿಯದು. ಸದ್ದು ಬದಲಾದದ್ದು ತಿಳಿಯದಿದ್ದರೆ ಎಳೆ ಕಡಿದದ್ದು ಗೊತ್ತಾಗದು. ಸೀರೆ ಕೆಟ್ಟರೆ ಕೂಲಿ ಮುರಿಯುತ್ತಾರೆ. ಅವಳು ಎರಡನೇ ದಿನವೇ ಹತ್ತಿ ತೆಗೆದು ಬಿಸಾಕಿದ್ದಳು.

ದೊಡ್ಡಬಳ್ಳಾಪುರದಲ್ಲಿ ಅವಳು ಕೆಲಸ ಮಾಡುವ ಲಕ್ಷ್ಮಣಪ್ಪನ ಶೆಡ್ಡಿನಲ್ಲಿ ಹತ್ತು ಮಗ್ಗ. ಹತ್ತೂ ಒಟ್ಟಿಗೆ ಓಡುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಅಲ್ಲಿನ ಹೆಂಗಸರು ಕೂಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಸದ್ದಿಲ್ಲದೆ ತುಟಿ ಆಡಿಸಿದರೆ ಸಾಕು, ಆಚೆ ಗೋಡೆಯ ಬಳಿ ನಿಂತವಳಿಗೂ ತಲುಪುತ್ತಿತ್ತು. ಯಾರ ಮನೆಯಲ್ಲಿ ಜಗಳ, ಯಾರ ಮಗಳಿಗೆ ಗಂಡು ಗೊತ್ತಾಯಿತು, ನಿನ್ನೆ ಸಾರಿಗೆ ಉಪ್ಪು ಯಾಕೆ ಜಾಸ್ತಿಯಾಯಿತು, ಎಲ್ಲವೂ ಹಾಗೇ. ಮೀಸೆ ತಿರುವುವಂತೆ ಬೆರಳಾಡಿಸಿದರೆ ಮಾಲೀಕ ಬರುತ್ತಿದ್ದಾನೆಂದು ಅರ್ಥ. ಲಕ್ಷ್ಮಣಪ್ಪ ಮೀಸೆ ಬೋಳಿಸಿ ಹತ್ತು ವರ್ಷವಾಗಿದ್ದರೂ ಸನ್ನೆ ಮಾತ್ರ ಬದಲಾಗಿರಲಿಲ್ಲ.

ಆ ದಿನ ಬೆಳಿಗ್ಗೆ ಹತ್ತೂವರೆಗೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ನಡುಗಿತು. ತಂಗಿ ಶಿಲ್ಪಳ ಸಂದೇಶ.

‘ಅಕ್ಕ, ಇಳಿದು ಎರಡು ಗಂಟೆ ಆಯ್ತು. ಯಾರೂ ಬಂದಿಲ್ಲ. ಬಸ್ ಟಿಕೆಟ್ಟೂ ಬಂದಿಲ್ಲ.’

ಜೊತೆಗೊಂದು ಫೋಟೋ. ಕನ್ನಡಿಯಂತೆ ಹೊಳೆಯುವ ನೆಲ, ಎತ್ತರದ ಗಾಜಿನ ಗೋಡೆ, ಬಿಳಿ ನಿಲುವಂಗಿಯ ಗಂಡಸರು. ಮಸ್ಕತ್ ವಿಮಾನ ನಿಲ್ದಾಣ. ಮೂಲೆಯಲ್ಲಿ ಶಿಲ್ಪಳ ಚೀಲದ ಕಿವಿ ಮಾತ್ರ ಕಾಣುತ್ತಿತ್ತು.

ಶಿಲ್ಪ ಅಕ್ಕನಿಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು. ತಾಯಿ ಸತ್ತ ಮೇಲೆ ಅಕ್ಕಯ್ಯಮ್ಮನ ಮಗ್ಗದ ಪಕ್ಕದಲ್ಲೇ ಬೆಳೆದವಳು. ಅಕ್ಷರ ಕಲಿಯುವುದಕ್ಕೆ ಮುಂಚೆ ತುಟಿ ಓದುವುದನ್ನು ಕಲಿತಿದ್ದಳು. ಗಂಡ ಬಿಟ್ಟು ಹೋದ ಮೇಲೆ ಮಗಳನ್ನು ಹಾಸ್ಟೆಲಿಗೆ ಸೇರಿಸಿ ಅವಳೂ ಮಗ್ಗಕ್ಕೆ ನಿಂತಳು. ಹೋದ ವರ್ಷ ಅವಳು ಕೆಲಸ ಮಾಡುತ್ತಿದ್ದ ಶೆಡ್ಡಿನ ಮಗ್ಗಗಳನ್ನು ಮಾಲೀಕ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿಬಿಟ್ಟ. ಆಮೇಲೆ ಮನೆಯಲ್ಲಿ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಆಗ ಬಂದವನು ವೇಣುಗೋಪಾಲ್. ಇದೇ ಊರವನು, ಇದೇ ಜನದವನು. ಹಿಂದೆ ಸೀರೆ ವ್ಯಾಪಾರ, ಈಗ ಬಸ್ ಸ್ಟ್ಯಾಂಡ್ ಹತ್ತಿರ ಸೀರೆ ಅಂಗಡಿಯ ಮೇಲೆ ಒಂದು ಟ್ರಾವೆಲ್ಸ್ ಆಫೀಸು.

‘ಸಲಾಲಾ ಅಂತ ಊರು. ಲೇಡೀಸ್ ಟೈಲರಿಂಗ್ ಅಂಗಡಿ. ಬುರ್ಖಾ ಹೊಲಿಯೋದು. ಶಿಲ್ಪಂಗೆ ಮಿಷನ್ ಬರುತ್ತಲ್ಲ,’ ಎಂದಿದ್ದ.

ವಿಮಾನ ಇಳಿಯುವುದು ಮಸ್ಕತ್ತಿನಲ್ಲಿ. ಸಲಾಲಾ ಅಲ್ಲಿಂದ ಸಾವಿರ ಕಿಲೋಮೀಟರು, ಹನ್ನೆರಡು ಗಂಟೆ ಬಸ್ಸು. ಅಕ್ಕಯ್ಯಮ್ಮ ಬೇರೆ ಯಾವುದನ್ನೂ ಕೇಳದೆ ಅದೊಂದನ್ನೇ ಮೂರು ಸಲ ಕೇಳಿದ್ದಳು. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ, ಹೆಂಗಸು ಒಬ್ಬಳೇ ಹನ್ನೆರಡು ಗಂಟೆ. ವೇಣುಗೋಪಾಲ್ ಕಾಗದದ ಮೇಲೆ ಬರೆದೇ ಕೊಟ್ಟಿದ್ದ: ‘ಮಸ್ಕತ್ ವಿಮಾನ ನಿಲ್ದಾಣದಿಂದ ಸಲಾಲಾಗೆ ಬಸ್ ಪ್ರಯಾಣದ ವ್ಯವಸ್ಥೆ ನಮ್ಮದು.’ ಆ ಸಾಲನ್ನು ನೋಡಿಯೇ ಅಕ್ಕಯ್ಯಮ್ಮ ಕೈಯ ಚಿನ್ನದ ಬಳೆ ಬಿಚ್ಚಿ ಖರ್ಚಿಗೆ ಕೊಟ್ಟದ್ದು.

ಶಿಲ್ಪ ಹಿಂದೇಟು ಹಾಕಿದ್ದಳು. ಹೋಗು ಎಂದವಳು ಅಕ್ಕನೇ. ದಿನಕ್ಕೆ ಎಷ್ಟೋ ವಿಮಾನ ತಲೆಯ ಮೇಲೆ ಹಾರುವ ಊರಲ್ಲಿದ್ದು, ಒಂದು ಸಲವಾದರೂ ನಮ್ಮವಳೊಬ್ಬಳು ಅದರೊಳಗೆ ಕೂರಲಿ ಎನ್ನುವ ಆಸೆ ಅವಳಲ್ಲಿತ್ತು. ಆ ಆಸೆ ತಂಗಿಯದಲ್ಲ, ತನ್ನದು ಎಂದು ಈಗ ಈ ಫೋಟೋ ನೋಡುವಾಗ ಅನ್ನಿಸಿತು.

ಅವಳು ಮಗ್ಗ ನಿಲ್ಲಿಸಿ ವೇಣುಗೋಪಾಲನ ಆಫೀಸಿನ ಮೆಟ್ಟಿಲು ಹತ್ತಿದಳು.

‘ಟೆನ್ಷನ್ ತಗೋಬೇಡಿ ಅಕ್ಕಾ,’ ಅಂದ ವೇಣುಗೋಪಾಲ್. ಅವಳಿಗೆ ಕೇಳಿಸಲೆಂದು ಜೋರಾಗಿ ಹೇಳಿದ. ಜೋರು ಬೇಕಿರಲಿಲ್ಲ, ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ‘ಅದು ನಮ್ಮ ಬಸ್ ಸ್ಟ್ಯಾಂಡ್ ಅಲ್ಲ. ಎಲ್ಲ ಸಿಸ್ಟಮ್ಮು. ಟಿಕೆಟ್ ಅವಳ ಫೋನಿಗೇ ಬರುತ್ತೆ.’

‘ಯಾವಾಗ?’

‘ಬರುತ್ತೆ.’

‘ಬೆಳಿಗ್ಗೆ ಬಸ್ಸು ಹೋಯ್ತಂತೆ. ಅಲ್ಲಿ ಬೋರ್ಡಲ್ಲಿ ನೋಡವ್ಳೆ.’

‘ಮಧ್ಯಾಹ್ನ ಒಂದಿದೆ. ಸಂಜೆ ಇನ್ನೊಂದಿದೆ.’

‘ಹುಡ್ಗಿ ರಾತ್ರಿಯಿಂದ ಏನೂ ತಿಂದಿಲ್ಲ ಕಣಪ್ಪ. ದುಡ್ಡು ತಗೊಂಡೋಗ್ಬೇಡ, ಕಂಪ್ನಿಯೋರು ನೋಡ್ಕೋತಾರೆ ಅಂದೆ ನೀನು. ಅವಳತ್ರ ಐನೂರು ರೂಪಾಯಿ ಐತೆ. ಅಲ್ಲಿ ಅದ್ಕೆ ಏನ್ ಬರುತ್ತೆ?’

‘ಕಾಫಿ ತರಿಸ್ಲಾ?’

‘ನಂಗೆ ಬೇಡ. ಅವ್ಳಿಗೆ ತರ್ಸು.’

ವೇಣುಗೋಪಾಲ್ ನಕ್ಕ. ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ನಿಂತ. ಬೆನ್ನು ತಿರುಗಿಸಿದವರ ಮಾತು ಅಕ್ಕಯ್ಯಮ್ಮನಿಗೆ ಸಿಗುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ. ತಿರುಗಿ, ‘ಅರ್ಧ ಗಂಟೇಲಿ ಆಗುತ್ತೆ,’ ಅಂದ.

ಅಕ್ಕಯ್ಯಮ್ಮ ಶೆಡ್ಡಿಗೆ ವಾಪಸಾದಳು. ಅರ್ಧ ಗಂಟೆ ಒಂದು ಗಂಟೆಯಾಯಿತು. ಶೆಡ್ಡಿನಲ್ಲಿ ನೂಲು ಸುತ್ತುವ ಮೇಘನ ಇಪ್ಪತ್ತು ವರ್ಷದವಳು. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವಳು. ‘ಕೊಡಕ್ಕ, ನಾವೇ ಬುಕ್ ಮಾಡೋಣ. ಅದೇನು ಚಂದ್ರಲೋಕಕ್ಕಾ?’ ಎಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಆ ದೇಶದ ಬಸ್ಸಿನ ಪುಟ ಸಿಕ್ಕಿತು. ಬಸ್ಸು ಇತ್ತು. ಸೀಟು ಇತ್ತು. ಹೆಸರು ತುಂಬಿದಳು, ಪಾಸ್‌ಪೋರ್ಟ್ ನಂಬರು ತುಂಬಿದಳು. ಆಮೇಲೆ ಆ ದೇಶದ ಮೊಬೈಲ್ ನಂಬರು ಕೇಳಿತು.

‘ಇಲ್ವಲ್ಲ.’

‘ನಮ್ದು ಹಾಕು.’

‘ತಗೊಳಲ್ಲ ಅನ್ನುತ್ತೆ.’

ಸುಮ್ಮನೆ ಯಾವುದೋ ನಂಬರು ಹಾಕಿ ಮುಂದೆ ಹೋದರೆ ಕಾರ್ಡು ಕೇಳಿತು. ಮೇಘನಳ ಕಾರ್ಡು ನಡೆಯಲಿಲ್ಲ. ಅವಳ ಅಣ್ಣನದು ನಡೆಯಲಿಲ್ಲ. ಎದುರು ಮನೆ ಮೇಷ್ಟ್ರ ಕಾರ್ಡಿಗೆ ಬ್ಯಾಂಕಿನಿಂದ ಸಂದೇಶ ಬಂತು: ಈ ಕಾರ್ಡು ಹೊರದೇಶಕ್ಕೆ ಚಾಲ್ತಿಯಲ್ಲಿಲ್ಲ. ಅಷ್ಟು ಹೊತ್ತಿಗೆ ಪುಟದ ಸಮಯ ಮುಗಿದು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ನಾಲ್ಕನೇ ಸಲ ತುಂಬುವಾಗ ಮೇಘನ ಶಿಲ್ಪಳ ಪಾಸ್‌ಪೋರ್ಟ್ ನಂಬರನ್ನು ನೋಡದೆಯೇ ಹಾಕಿದಳು.

‘ಸಾವಿರ ಸೀರೆ ನೇಯ್ಬೋದು ಕಣೆ, ಇದೊಂದು ಟಿಕೆಟ್ ತಗೊಳಕಾಗಲ್ವಲ್ಲ,’ ಅಂದಳು ಅಕ್ಕಯ್ಯಮ್ಮ.

ಹನ್ನೆರಡೂವರೆಗೆ ಶಿಲ್ಪ ಬರೆದಳು: ‘ಯಾರೋ ಒಬ್ಬ ಬಂದ. ನನ್ನ ಹೆಸರು ಹೇಳಿದ.’

ಅಕ್ಕಯ್ಯಮ್ಮನ ಎದೆ ಹಗುರವಾಯಿತು. ‘ಟಿಕೆಟ್ ತಂದನಾ?’ ಎಂದು ಬರೆಸಿದಳು. ಸಂದೇಶ ಹೋಯಿತು. ಅದನ್ನು ಆ ಕಡೆ ಯಾರೂ ನೋಡಲಿಲ್ಲ. ಇನ್ನೊಂದು ಕಳಿಸಿದರು. ಅದನ್ನೂ ನೋಡಲಿಲ್ಲ. ಕರೆ ಮೊದಲಿನಿಂದಲೂ ಹೋಗುತ್ತಿರಲಿಲ್ಲ, ನಿಲ್ದಾಣದ ವೈಫೈಯಲ್ಲಿ ಸಂದೇಶ ಮಾತ್ರ.

ಒಂದೂವರೆಗೆ ಅವಳು ಮತ್ತೆ ಮೆಟ್ಟಿಲು ಹತ್ತಿದಳು. ಈ ಸಲ ವೇಣುಗೋಪಾಲ್ ತಾನೇ ಎದ್ದು ಕುರ್ಚಿ ಎಳೆದು ಕೊಟ್ಟ.

‘ನೋಡಿ ಅಕ್ಕಾ, ಸುಮ್ನೆ ಗಾಬರಿ ಆಗಿದ್ರಿ. ನಮ್ಮ ಮನುಷ್ಯ ಹೋಗಿದಾನೆ. ಬಸ್ಸಲ್ಲಿ ಹನ್ನೆರಡು ಗಂಟೆ ಯಾಕೆ ಕಷ್ಟ ಪಡ್ಬೇಕು ಅಂತ ಕಾರೇ ತಂದಿದಾನೆ. ವಿಡಿಯೋ ಕಳ್ಸಿದಾನೆ, ಅವಳ ಬಾಯಲ್ಲೇ ಕೇಳಿ.’

ಫೋನಿನ ಸದ್ದು ಪೂರ್ತಿ ಏರಿಸಿ ಅವಳ ಮುಂದೆ ಹಿಡಿದ.

ಶಿಲ್ಪ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂತಿದ್ದಳು. ಕೂದಲು ಕೆದರಿತ್ತು. ‘ಅಕ್ಕ, ನಾನು ಚೆನ್ನಾಗಿದೀನಿ. ಇವ್ರು ಬಂದವ್ರೆ. ಕಾರಲ್ಲಿ ಹೋಗ್ತೀನಿ. ನೀನು ಯೋಚ್ನೆ ಮಾಡ್ಬೇಡ.’ ಅಷ್ಟು ಹೇಳಿ ಸುಮ್ಮನಾದಳು. ವಿಡಿಯೋ ಮುಗಿಯಲಿಲ್ಲ, ಇನ್ನೂ ಐದಾರು ಸೆಕೆಂಡು ಓಡಿತು. ಶಿಲ್ಪ ಅಲ್ಲಾಡದೆ ನೇರ ಮುಂದೆ ನೋಡುತ್ತಿದ್ದಳು. ತುಟಿಗಳು ಮಾತ್ರ ಆಡಿದವು.

‘ಕೊನೇಲಿ ಸೌಂಡ್ ಹೋಗಿದೆ. ನೆಟ್‌ವರ್ಕು,’ ಅಂದ ವೇಣುಗೋಪಾಲ್.

ಸೌಂಡ್ ಹೋಗಿರಲಿಲ್ಲ. ಅಕ್ಕಯ್ಯಮ್ಮನಿಗೆ ಮೊದಲಿನದೂ ಕೇಳಿಸಿರಲಿಲ್ಲ, ಕೊನೆಯದೂ ಕೇಳಿಸಿರಲಿಲ್ಲ. ಅವಳಿಗೆ ಎರಡೂ ಒಂದೇ ಸಮ ಕಂಡಿದ್ದವು.

*ಪಾಸ್‌ಪೋರ್ಟ್ ಕಿತ್ಕೊಂಡ. ಬಸ್ಸಿಲ್ಲ. ಯಾರ್ದೋ ಮನೆ ಕೆಲ್ಸಕ್ಕಂತೆ. ನಾನು ಏಳಲ್ಲ.*

ಶಿಲ್ಪಳ ಬಲಗೈ ಕುರ್ಚಿಯ ಕಬ್ಬಿಣದ ಹಿಡಿಯೊಳಗೆ ತೂರಿ, ಎಡಗೈಯ ಬೆರಳಿಗೆ ಬೆರಳು ಬಿಗಿದಿತ್ತು. ಅದನ್ನೂ ಅವಳು ಕಂಡಳು.

ಬಾಯಿಗೆ ಬಂದದ್ದನ್ನು ಅಕ್ಕಯ್ಯಮ್ಮ ನುಂಗಿಕೊಂಡಳು. ಈಗ ಕಿರುಚಿದರೆ ಇವನು ಅಲ್ಲಿಗೆ ಒಂದು ಮಾತು ಹೇಳುತ್ತಾನೆ, ಅಲ್ಲಿ ಆ ಕೈಯನ್ನು ಬಿಡಿಸುತ್ತಾರೆ. ಹೆಂಗಸಾಗಿ ಹುಟ್ಟಿ ನಲವತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆಲ್ಲ ಬೇರೆಯವರ ಮರ್ಯಾದೆಗಾಗಿ. ಇವತ್ತು ತನ್ನ ಕೆಲಸಕ್ಕೆ ಮುಚ್ಚಿಕೊಳ್ಳುತ್ತಿದ್ದೇನೆ ಅಂದುಕೊಂಡಳು.

‘ಸರಿ ಕಣಪ್ಪ,’ ಅಂದಳು. ‘ಅವಳ ಮಗಳು ಹಾಸ್ಟೆಲಲ್ಲಿ ಅಳ್ತಾ ಕೂತವಳಂತೆ. ಇದನ್ನ ನನ್ನ ಫೋನಿಗೆ ಹಾಕು, ತೋರಿಸ್ತೀನಿ.’

ವೇಣುಗೋಪಾಲ್ ಹಾಕಿದ. ಬಾಲ್ಯದಲ್ಲಿ ಅಂಗಡಿಯ ಗಲ್ಲಾದ ಪಕ್ಕ ಕೂತು ಸೀರೆ ಮಡಿಸಿದವನು ಅವನು. ಸೀರೆ ನೇಯುವ ಕಡೆ ಒಂದು ದಿನವೂ ನಿಂತವನಲ್ಲ.

ಶೆಡ್ಡಿಗೆ ಬಂದು ಅಕ್ಕಯ್ಯಮ್ಮ ಯಾರಿಗೂ ಏನೂ ವಿವರಿಸಲಿಲ್ಲ. ತನ್ನ ಓದು ತಪ್ಪಿರಲಿ ಎಂದು ಇನ್ನೂ ಆಸೆ. ಫೋನನ್ನು ಬೈರಮ್ಮನ ಮುಖದ ಮುಂದೆ ಹಿಡಿದಳು. ಬೈರಮ್ಮ ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಬಾಯಾಳಿ. ನೋಡಿದಳು. ಒಂದು ಸಲ ನೋಡಿ ತನ್ನ ಮಗ್ಗದ ಸ್ವಿಚ್ಚು ಆರಿಸಿದಳು. ಪಕ್ಕದವಳು ನೋಡಿ ತನ್ನದನ್ನು ಆರಿಸಿದಳು. ಫೋನು ಸಾಲಾಗಿ ಮುಂದೆ ಹೋಯಿತು. ಎಲ್ಲರ ಓದೂ ಒಂದೇ. ಕೊನೆಯ ಮಗ್ಗವೂ ನಿಂತಾಗ ಶೆಡ್ಡಿನಲ್ಲಿ ಫ್ಯಾನು ತಿರುಗುವ ಸದ್ದು ಕೇಳಿತು.

ಮಗ್ಗದ ಸದ್ದು ನಿಂತರೆ ಮಾಲೀಕನಿಗೆ ಎದೆ ನಿಂತಂತೆ. ಲಕ್ಷ್ಮಣಪ್ಪ ಅನ್ನದ ಕೈಯಲ್ಲೇ ಓಡಿ ಬಂದ.

‘ಕರೆಂಟ್ ಹೋಯ್ತಾ?’

‘ಇಲ್ಲ, ನಾವು ಹೋಗ್ತಿದೀವಿ,’ ಅಂದಳು ಬೈರಮ್ಮ.

‘ನಾಳೆ ಮಾಲು ಹೋಗ್ಬೇಕು ಕಣ್ರಮ್ಮ. ಇವತ್ತು ಹೋದೋರಿಗೆ ಕೂಲಿ ಇಲ್ಲ.’

‘ಕೂಲಿ ಕೊಟ್ಟಾಗ ಮಾತ್ರ ನಿನ್ನ ಮುಖ ನೋಡ್ಬೇಕು ಅಂತಿದ್ರೆ, ತಿಂಗಳಿಂದ ನಿನ್ನ ಗುರುತೇ ಸಿಗ್ತಿರ್ಲಿಲ್ಲ,’ ಅಂದು ಅವಳು ಚಪ್ಪಲಿ ಮೆಟ್ಟಿದಳು.

ಹತ್ತು ಹೆಂಗಸರು, ಮೇಘನ ಸೇರಿ ಹನ್ನೊಂದು. ವೇಣುಗೋಪಾಲನ ಆಫೀಸಿನಲ್ಲಿ ಅಷ್ಟು ಜನಕ್ಕೆ ಜಾಗವಿರಲಿಲ್ಲ. ಬೆಂಚಿನ ಮೇಲೆ ನಾಲ್ವರು, ನೆಲದ ಮೇಲೆ ಉಳಿದವರು, ಬಾಗಿಲಿಗೆ ಅಡ್ಡವಾಗಿ ಬೈರಮ್ಮ. ಯಾರೂ ಕೂಗಲಿಲ್ಲ. ಕೂತು ತಮ್ಮ ತಮ್ಮಲ್ಲೇ ತುಟಿ ಆಡಿಸತೊಡಗಿದರು.

‘ಏನ್ರಮ್ಮ ಇದು?’ ಅಂದ ವೇಣುಗೋಪಾಲ್.

ಆಚೆ ಮೂಲೆಯವಳು ಈಚೆ ಮೂಲೆಯವಳಿಗೆ ಏನೋ ಹೇಳಿದಳು. ಇಬ್ಬರು ಅವನ ಕಡೆ ನೋಡಿದರು. ಒಬ್ಬಳು ಮೇಜಿನ ಡ್ರಾಯರಿನ ಕಡೆ ನೋಡಿದಳು. ಅವನ ಕಣ್ಣು ಬಾಯಿಂದ ಬಾಯಿಗೆ ಓಡಿತು, ಏನೂ ಸಿಗಲಿಲ್ಲ.

‘ಬಾಯಿ ಬಿಟ್ಟು ಮಾತಾಡಿ. ಏನ್ ಮಾತಾಡ್ಕೋತಿದೀರ?’

‘ಶಿಲ್ಪ ಏನ್ ಹೇಳಿದ್ಲೋ ಅದನ್ನೇ,’ ಅಂದಳು ಅಕ್ಕಯ್ಯಮ್ಮ. ‘ನೆಟ್‌ವರ್ಕ್ ಹೋಗಿತ್ತು ಅಂದ್ಯಲ್ಲ, ಅಲ್ಲಿ. ಪಾಸ್‌ಪೋರ್ಟ್ ಕಿತ್ಕೊಂಡವ್ನೆ. ಬಸ್ಸಿಲ್ಲ. ಯಾರ್ದೋ ಮನೆ ಮುಸುರೆಗೆ ಕಳಿಸ್ತಾ ಇದೀಯ.’

ವೇಣುಗೋಪಾಲ್ ಕುರ್ಚಿಯಿಂದ ಅರ್ಧ ಎದ್ದ. ‘ಯಾರ್ ಹೇಳಿದ್ದು? ಫೋನ್ ಅವಳತ್ರ ಇಲ್ವೇ ಇಲ್ಲ,’ ಅಂದ. ಅಂದ ಮೇಲೆ ತಾನು ಅಂದದ್ದೇನೆಂದು ತಿಳಿಯಿತು.

ಅಷ್ಟರಲ್ಲಿ ಬೈರಮ್ಮ ಬಾಗಿಲು ಬಿಟ್ಟು ಬಂದು ಡ್ರಾಯರು ಎಳೆದಿದ್ದಳು. ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಪಾಸ್‌ಪೋರ್ಟು. ಏಳು. ಎಲ್ಲಾ ಹೆಂಗಸರವು. ಬೇರೆಯಾಗಿ ಒಂದು, ವೇಣುಗೋಪಾಲನದೇ. ಎಲ್ಲವನ್ನೂ ಅಕ್ಕಯ್ಯಮ್ಮನ ಮಡಿಲಿಗೆ ಹಾಕಿದಳು.

‘ಬೇರೆಯವರ ಪಾಸ್‌ಪೋರ್ಟ್ ಇಟ್ಕೊಳೋದು ಕಾನೂನು ಪ್ರಕಾರ ತಪ್ಪು ಕಣ್ರಮ್ಮ.’

‘ಹೌದಾ ಗುರು? ಅದೇ ಮಾತನ್ನ ಫೋನ್ ಮಾಡಿ ನಿನ್ನ ಮನುಷ್ಯಂಗೆ ಹೇಳು,’ ಅಂದಳು ಬೈರಮ್ಮ. ‘ನಮ್ಮ ಕಡೆ ಮುಖ ಮಾಡ್ಕೊಂಡು ಹೇಳು. ಕಿಟಕಿ ಕಡೆ ತಿರುಗ್ಬೇಡ.’

‘ಅವಳ ಕೈಗೆ ಪಾಸ್‌ಪೋರ್ಟು, ಫೋನು ಎರಡೂ ಬರ್ಲಿ. ಬಸ್ ಟಿಕೆಟ್ ನಮ್ಮ ಮುಂದೆ ತಗಿ, ನೀನು ಹೇಳಿದ ಅಂಗಡಿಗೇ ಹೋಗ್ಲಿ,’ ಅಂದಳು ಅಕ್ಕಯ್ಯಮ್ಮ. ‘ಇಲ್ದಿದ್ರೆ ಈ ಏಳನ್ನೂ ಆ ವಿಡಿಯೋನೂ ತಗೊಂಡು ಸ್ಟೇಷನ್‌ಗೆ ನಡ್ಕೊಂಡು ಹೋಗ್ತೀವಿ. ನಡುವೆ ನಿಮ್ಮ ಮನೆ ಸಿಗುತ್ತೆ. ನಿಮ್ಮಮ್ಮಂಗೂ ತೋರಿಸ್ತೀವಿ.’

ಅವನು ಸ್ಪೀಕರ್ ಹಾಕಿ ಫೋನು ಮಾಡಿದ. ಹಿಂದಿಯಲ್ಲಿ ಬೈದ, ಆಮೇಲೆ ಬೇಡಿಕೊಂಡ. ಮೇಘನ ಎದುರು ನಿಂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಿದಳು. ಆ ಕಡೆಯವನು ಹುಡುಗಿ ಕುರ್ಚಿ ಬಿಡುತ್ತಿಲ್ಲ, ಎಳೆದರೆ ಪೊಲೀಸರು ನೋಡುತ್ತಾರೆ, ನನಗೂ ಸಾಕಾಗಿದೆ ಎನ್ನುತ್ತಿದ್ದನಂತೆ.

ಇಪ್ಪತ್ತು ನಿಮಿಷಕ್ಕೆ ಅಕ್ಕಯ್ಯಮ್ಮನ ಫೋನು ನಡುಗಿತು. ಶಿಲ್ಪಳ ಫೋಟೋ. ಪಾಸ್‌ಪೋರ್ಟನ್ನು ಗಲ್ಲಕ್ಕೆ ಒತ್ತಿಕೊಂಡಿದ್ದಳು. ಮಣಿಕಟ್ಟಿನ ಮೇಲೆ ಕೆಂಪು ಗೆರೆ. ‘ಹೋದ,’ ಎಂದಷ್ಟೇ ಬರೆದಿದ್ದಳು.

ಫೋನು ಕೈಯಿಂದ ಕೈಗೆ ಹೋಯಿತು. ಯಾರೋ ಮೂಗು ಸೀಟಿಕೊಂಡರು.

ವೇಣುಗೋಪಾಲ್ ಬೆವರು ಒರೆಸಿಕೊಂಡು ತನ್ನ ಕಾರ್ಡು ತೆಗೆದ. ಅವನ ಕಾರ್ಡು ಎಲ್ಲಾ ದೇಶದಲ್ಲೂ ನಡೆಯುತ್ತಿತ್ತು. ಬೆಳಗಿನಿಂದ ಆಗದ ಟಿಕೆಟ್ಟು ಎರಡು ನಿಮಿಷಕ್ಕೆ ಆಗುವುದರಲ್ಲಿತ್ತು. ಸಂಜೆಯ ಬಸ್ಸು, ಕಿಟಕಿ ಪಕ್ಕದ ಸೀಟು.

‘ತಡೀರಿ ಒಂದು ನಿಮಿಷ,’ ಅಂದಳು ಮೇಘನ. ಅವಳ ಕೈಯಲ್ಲಿ ಶಿಲ್ಪಳ ಕೆಲಸದ ಕಾಗದವಿತ್ತು. ಅದರಲ್ಲಿದ್ದ ಟೈಲರಿಂಗ್ ಅಂಗಡಿಯ ನಂಬರಿಗೆ ಫೋನು ಹಚ್ಚಿದಳು. ಇಂಥ ನಂಬರೇ ಇಲ್ಲ ಎಂದು ಹೆಣ್ಣುದನಿ ಹೇಳಿತು. ಮತ್ತೆ ಹಚ್ಚಿದಳು. ಅದೇ ದನಿ. ಅಂಗಡಿಯ ಹೆಸರನ್ನು ನಕ್ಷೆಯಲ್ಲಿ ಹುಡುಕಿದಳು. ಸಲಾಲಾದಲ್ಲಿ ಸಮುದ್ರವಿತ್ತು, ತೆಂಗಿನ ಮರಗಳಿದ್ದವು, ಆ ಅಂಗಡಿ ಇರಲಿಲ್ಲ. ವೀಸಾ ತೆಗೆದು ಓದಿದಳು. ಕೆಲಸದ ವೀಸಾ ಅಲ್ಲ, ನೋಡಿಕೊಂಡು ಬರುವವರಿಗೆ ಕೊಡುವ ತಿಂಗಳ ವೀಸಾ.

‘ಅಕ್ಕ,’ ಎಂದು ಅಕ್ಕಯ್ಯಮ್ಮನ ಮುಂದೆ ಕುಕ್ಕರಿಸಿ ಸದ್ದಿಲ್ಲದೆ ತುಟಿಯಲ್ಲೇ ಹೇಳಿದಳು. *ಅಲ್ಲಿ ಅಂಗಡಿನೇ ಇಲ್ಲ.*

ಅಕ್ಕಯ್ಯಮ್ಮ ಆ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡಳು. ಬೆಳಗಿನಿಂದ ಈ ಮೆಟ್ಟಿಲು ಎಷ್ಟು ಸಲ ಹತ್ತಿದಳು. ಎಷ್ಟು ಕಾರ್ಡು, ಎಷ್ಟು ನಂಬರು. ಹನ್ನೊಂದು ಜನದ ಒಂದು ದಿನದ ಅನ್ನ. ಎಲ್ಲವೂ ಒಂದು ಬಸ್ಸಿಗಾಗಿ. ಆ ಬಸ್ಸು ತಂಗಿಯನ್ನು ಹನ್ನೆರಡು ಗಂಟೆ ಮರಳುಗಾಡು ದಾಟಿಸಿ, ಇಲ್ಲದ ಅಂಗಡಿಯ ಮುಂದೆ ಇಳಿಸುತ್ತಿತ್ತು. ಮೋಸವೆಲ್ಲ ಬಸ್ಸಿನಲ್ಲಿದೆ ಎಂದು ತಾನು ಬಸ್ಸನ್ನೇ ಕಾಯುತ್ತಿದ್ದಳು. ಮೂರು ಸಲ ಕೇಳುವಾಗ ಒಂದು ಸಲವಾದರೂ ಅಂಗಡಿಯನ್ನು ಕೇಳಬೇಕಿತ್ತು.

‘ಬಸ್ಸು ಬೇಡ,’ ಅಂದಳು. ‘ವಿಮಾನದ್ದು ತಗಿ. ಮಸ್ಕತ್ತಿಂದ ಇಲ್ಲಿಗೆ.’

‘ಅಕ್ಕಾ, ಅದು ಎಷ್ಟಾಗುತ್ತೆ ಗೊತ್ತಾ?’

‘ನಂಗ್ಯಾಕೆ ಗೊತ್ತಾಗ್ಬೇಕು?’

ಅದೇ ಹೊತ್ತಿಗೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಮತ್ತೆ ಬಾಗಿಲಿಗೆ ಅಡ್ಡ ನಿಂತಿದ್ದ ಬೈರಮ್ಮನ ಭುಜದ ಮೇಲಿಂದ ಒಬ್ಬಳು ಇಣುಕಿದಳು. ಇಪ್ಪತ್ತೈದರ ಹುಡುಗಿ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ.

‘ವೇಣು ಸಾರ್ ಇದಾರಾ? ನಾನು ಸಾಸಲಿಂದ, ಅರ್ಪಿತ ಅಂತ. ಸೋಮವಾರ ನನ್ನ ಫ್ಲೈಟು. ಟಿಕೆಟ್ ಕೊಡ್ತೀನಿ ಅಂದಿದ್ರು.’

‘ಎಲ್ಲಿಗವ್ವಾ?’ ಅಂದಳು ಬೈರಮ್ಮ.

‘ಮಸ್ಕತ್. ಅಲ್ಲಿಂದ ಸಲಾಲಾಗೆ ಬಸ್ಸು. ಟೈಲರಿಂಗ್ ಶಾಪು.’

ಅಕ್ಕಯ್ಯಮ್ಮ ಮಡಿಲಿನ ಕಟ್ಟು ಬಿಚ್ಚಿ, ಒಂದೊಂದೇ ತೆರೆದು ಫೋಟೋ ನೋಡಿ, ಅವಳ ಪಾಸ್‌ಪೋರ್ಟು ಆರಿಸಿ ಚಾಚಿದಳು. ಅರ್ಪಿತ ಹಿಂದೆ ಸರಿದಳು.

‘ಯಾಕ್ ಕೊಡ್ತೀರಾ? ಅದು ಸಾರ್ ಹತ್ರ ಇರ್ಬೇಕು. ನಿಮ್ಮದೇನೋ ಜಗಳಕ್ಕೆ ನನ್ನ ಕೆಲ್ಸ ಹಾಳ್ಮಾಡ್ಬೇಡಿ. ಎಷ್ಟು ಒದ್ದಾಡಿದೀನಿ ಗೊತ್ತಾ ಇದಕ್ಕೆ?’

ಅವಳ ಸಿಟ್ಟನ್ನು ಅಕ್ಕಯ್ಯಮ್ಮ ಗುರುತು ಹಿಡಿದಳು. ಹೋದ ತಿಂಗಳು ಯಾರಾದರೂ ತಡೆದಿದ್ದರೆ ತಾನೂ ಹೀಗೇ ಅನ್ನುತ್ತಿದ್ದಳು. ಫೋನು ತೆಗೆದು ಶಿಲ್ಪಳ ವಿಡಿಯೋ ಹಾಕಿದಳು.

‘ಚೆನ್ನಾಗಿದೀನಿ ಅಂತಿದಾರಲ್ಲ,’ ಅಂದಳು ಅರ್ಪಿತ. ‘ಆಮೇಲೆ ಏನೂ ಕೇಳಿಸ್ತಿಲ್ಲ.’

‘ನಂಗೂ ಕೇಳಿಸಲ್ಲ. ಅಲ್ಲಿ ನೋಡು.’

ಅಕ್ಕಯ್ಯಮ್ಮ ವಿಡಿಯೋವನ್ನು ಮತ್ತೆ ಕೊನೆಯ ಭಾಗಕ್ಕೆ ತಂದಳು. ತಂಗಿಯ ತುಟಿ ಆಡಿದಂತೆ ತಾನು ಹೇಳುತ್ತಾ ಹೋದಳು. ‘ಪಾಸ್‌ಪೋರ್ಟ್ ಕಿತ್ಕೊಂಡ.’ ಕಿವಿಯಿಲ್ಲದವರ ದನಿಗೆ ಅಳತೆ ಇರುವುದಿಲ್ಲ. ಕೆಳಗಿನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದವನು ಕೈ ನಿಲ್ಲಿಸಿದ. ‘ಬಸ್ಸಿಲ್ಲ. ಯಾರ್ದೋ ಮನೆ ಕೆಲ್ಸಕ್ಕಂತೆ.’

‘ಮೆತ್ತಗೆ ಮಾತಾಡಕ್ಕ, ಕೆಳಗೆ ಗಿರಾಕಿಗಳಿದಾರೆ,’ ಅಂದ ವೇಣುಗೋಪಾಲ್.

ಅವನ ತುಟಿಯನ್ನು ಅವಳು ಓದಿದಳು. ವಿಡಿಯೋವನ್ನು ಇನ್ನೊಂದು ಸಲ ಹಾಕಿ ಮೊದಲಿಗಿಂತ ಜೋರಾಗಿ ಹೇಳಿದಳು. ಮೆಟ್ಟಿಲ ಮೇಲೆ ಜನ ಸೇರತೊಡಗಿದರು.

ಅರ್ಪಿತ ಕುರ್ಚಿಯ ಕಬ್ಬಿಣದೊಳಗೆ ತೂರಿದ ಆ ಕೈಯನ್ನು, ಬಿಗಿದ ಬೆರಳುಗಳನ್ನು ನೋಡುತ್ತಾ ನಿಂತಳು. ಆಮೇಲೆ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಾಸ್‌ಪೋರ್ಟಿಗೆ ಕೈ ಚಾಚಿದಳು. ಬೆಂಚಿನವರು ಸರಿದು ಜಾಗ ಮಾಡಿದರು.

‘ಇನ್ನಾರು ಜನ ಯಾವ್ಯಾವ ಊರೋರು ನೋಡೆ ಮೇಘನ,’ ಅಂದಳು ಬೈರಮ್ಮ. ‘ಒಬ್ಬೊಬ್ರಿಗೂ ಫೋನ್ ಹಚ್ಚು.’

ವೇಣುಗೋಪಾಲ್ ಕಂಪ್ಯೂಟರಿನಿಂದ ತಲೆ ಎತ್ತಿದ. ‘ಇವತ್ತಿನ ಫ್ಲೈಟು ಯಾವುದೂ ಇಲ್ಲ ಅಕ್ಕಾ. ನಾಳೆ ಮಧ್ಯಾಹ್ನದ್ದೇ ಇರೋದು.’

‘ನಾಳೆ ಮಧ್ಯಾಹ್ನದ್ದೇ ಮಾಡು. ಅಲ್ಲೀವರ್ಗೂ ಅವ್ಳಿಗೆ ಅಲ್ಲಿ ಊಟಕ್ಕೆ ಏನಾದ್ರೂ ಮಾಡು,’ ಅಂದಳು ಅಕ್ಕಯ್ಯಮ್ಮ. ಸೆರಗು ಕೊಡವಿ, ಗೋಡೆಗೆ ಒರಗಿ ಕಾಲು ಚಾಚಿದಳು. ‘ಅವಳು ಇಲ್ಲಿ ಬಂದು ಇಳಿಯೋವರ್ಗೂ ಬಾಗ್ಲು ಹಾಕ್ಬೇಡ. ನಾವೂ ಏಳಲ್ಲ.’